ಮಂಡಿನೋವಿನ ಹರಕೆ

ತಲ್ಲೂರಿನ ಸುಬ್ಬಣ್ಣ ಮೀನು ಬಿಟ್ಟ ಸುದ್ದಿಯನ್ನು ಮೊದಲ ದಿನ ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಹೆದ್ದಾರಿಯಿಂದ ಒಳಕ್ಕೆ ತಿರುಗಿದ ಕೂಡಲೇ ಸಿಗುವ ಮಿಲ್ಲು ಅವನದು, ಮನೆ ಅದರ ಪಕ್ಕದಲ್ಲೇ. ಒಂದು ಕಡೆ ಹಿಟ್ಟು ಬೀಸುವ ಮೆಷಿನ್ನು, ಇನ್ನೊಂದು ಕಡೆ ಮೆಣಸು ಪುಡಿ ಮಾಡುವ ಮೆಷಿನ್ನು. ಕೇರಿಯ ಮೀನು ಸಾರಿಗೆಲ್ಲ ಮಸಾಲೆ ಹೋಗುತ್ತಿದ್ದುದು ಅಲ್ಲಿಂದಲೇ. ಮದುವೆ ಮನೆಯಲ್ಲಿ ಹೋಳಿಗೆ ಊಟ ಉಂಡು ಬಂದು, ಮನೆಯ ಅಡುಗೆ ಕೋಣೆಯಲ್ಲಿ ನಿನ್ನೆಯ ಬಂಗಡೆ ಸಾರಿನ ತಳ ಹುಡುಕುವ ಮನುಷ್ಯ ಅವನು.

ಎಲ್ಲದಕ್ಕೂ ಮೂಲ ಮೊಬೈಲಿನೊಳಗೆ ಕುಳಿತ ಒಬ್ಬ ಕೋಟಿನ ಆಸಾಮಿ. ಮಿಲ್ಲಿನ ಸದ್ದಿನ ನಡುವೆ ಕಿವಿಗೆ ವಯರು ಸಿಕ್ಕಿಸಿಕೊಂಡು ಸುಬ್ಬಣ್ಣ ಅವನ ಮಾತು ಕೇಳುತ್ತಿದ್ದ. ದಿನಾ ಮಾಡುವ ಯಾವುದಾದರೂ ಒಂದು ಖರ್ಚನ್ನು ಹುಡುಕಿ, ಅದನ್ನು ಕತ್ತರಿಸಿ ಬಿಸಾಡಿ, ಆಮೇಲೆ ನೀವು ಶ್ರೀಮಂತರಾಗದಿದ್ದರೆ ನನ್ನನ್ನು ಕೇಳಿ ಎಂದು ಅವನು ಬೆರಳು ತೋರಿಸಿ ಹೇಳುತ್ತಿದ್ದ. ಸುಬ್ಬಣ್ಣ ಮೊದಲೇ ಕೈ ಬಿಗಿಯವನು. ಮಿಲ್ಲಿನ ಸಂಜೆ ಚಹಾ ನಿಲ್ಲಿಸಿದ್ದ, ಪೇಪರು ನಿಲ್ಲಿಸಿದ್ದ, ಕ್ಷೌರವನ್ನು ಮುಂದೂಡಿ ಮುಂದೂಡಿ ಕಿವಿಯೇ ಕಾಣದ ಹಾಗೆ ಮಾಡಿಕೊಂಡಿದ್ದ. ಇನ್ನು ಕತ್ತರಿಸಲು ಏನು ಉಳಿದಿದೆ ಎಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಮೀನು.

ಆದರೆ ದುಡ್ಡು ಉಳಿಸಲು ಮೀನು ಬಿಟ್ಟೆ ಎಂದು ನಮ್ಮ ಕಡೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಚಿನ್ನ ಅಡವಿಟ್ಟ ಸುದ್ದಿಯಾದರೂ ನಾಲ್ಕು ದಿನಕ್ಕೆ ಹಳತಾಗುತ್ತದೆ. ಮೀನಿಗೆ ಗತಿಯಿಲ್ಲ ಎಂಬ ಸುದ್ದಿ ಮೊಮ್ಮಕ್ಕಳ ಮದುವೆ ಮಾತುಕತೆಯವರೆಗೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಮರುದಿನ ಬೆಳಗ್ಗೆ ಗಂಗೊಳ್ಳಿಯ ಪದ್ದು, ಗುಣಪಾಲನ ಆಟೋದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಬಂದು, ಗೇಟಿನೆದುರು ಒಂದು ಬಂಗಡೆ ಎತ್ತಿ ತೋರಿಸಿದಾಗ ಸುಬ್ಬಣ್ಣನ ನಾಲಗೆ ತಾನಾಗಿಯೇ ಹೊರಳಿತು.

"ಬ್ಯಾಡ ಪದ್ದು. ಹರಕಿ ಹೊತ್ತಿದ್ದೆ. ಒಂದ್ ಮಂಡಲ ಮೀನ್ ಮುಟ್ಟುಕಿಲ್ಲ."

ಪದ್ದು ಬಂಗಡೆ ಹಿಡಿದ ಕೈಯನ್ನು ಇಳಿಸಲು ಮರೆತಳು. "ಹರಕಿಯಾ? ಎಂತಕ್ಕೆ? ಯಾರಿಗ್ ಎಂತ ಆಯ್ತ್?"

ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಅದೇ ಹೊತ್ತಿಗೆ ಹೆಂಡತಿ ಚಂದ್ರಾವತಿ ಮೀನಿನ ಪಾತ್ರೆ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಎಂದಿನಂತೆ ಅರ್ಧದಲ್ಲಿ ನಿಂತು ಮಂಡಿಯ ಮೇಲೆ ಕೈಯೂರಿದಳು.

"ಇವ್ಳ್ ಮಂಡಿ ನೋವಿಗೆ," ಎಂದ ಸುಬ್ಬಣ್ಣ.

ಚಂದ್ರಾವತಿ ಅಲ್ಲೇ ನಿಂತುಬಿಟ್ಟಳು. ಮದುವೆಯಾದಲ್ಲಿಂದ ಈ ಗಂಡ ಅವಳಿಗಾಗಿ ಬಿಟ್ಟುಕೊಟ್ಟದ್ದು ಬಸ್ಸಿನ ಕಿಟಕಿ ಸೀಟು ಒಂದೇ, ಅದೂ ಬಿಸಿಲು ಬೀಳುವ ಕಡೆಯದು. ಅಂಥವನು ತನಗಾಗಿ ಮೀನು ಬಿಟ್ಟನೆ? ಅವಳ ಕಣ್ಣು ತುಂಬಿ ಬಂತು. ಪಾತ್ರೆಯನ್ನು ಒಳಗಿಟ್ಟು ಬಂದಳು. ಸುಬ್ಬಣ್ಣನಿಗೆ ಒಳಗೆಲ್ಲೋ ಮುಳ್ಳು ಚುಚ್ಚಿದ್ದು ನಿಜ. ಆದರೆ ಇಂಥ ಮುಳ್ಳಿನ ಬಗ್ಗೆ ಕೋಟಿನವನು ಏನೂ ಹೇಳಿರಲಿಲ್ಲ.

ಹರಕೆ ಹೊತ್ತವನ ಮುಂದೆ ಕೂತು ತಿನ್ನುವುದು ಚಂದವಲ್ಲ ಎಂದು ಚಂದ್ರಾವತಿಯೂ ಮೀನು ಬಿಟ್ಟಳು. ಗಂಡ ಸೌತೆಕಾಯಿ ಹುಳಿ ಕಲಸಿಕೊಂಡು ಅನ್ನವನ್ನು ಕಷಾಯದಂತೆ ನುಂಗುವುದನ್ನು ದಿನಾ ನೋಡಿದಳು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಬಡಿಸುತ್ತ, "ಹ್ವಾಯ್, ನೋವ್ ಸುಮಾರ್ ಕಡ್ಮಿ ಆಯ್ತ್ ಕಾಣಿ," ಎಂದಳು. ಸುಬ್ಬಣ್ಣನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಸಂಜೆ ಅವಳು ಎಲ್ಲೂ ಕೈಯೂರದೆ ಮೆಟ್ಟಿಲಿಳಿದು ತುಳಸಿಗೆ ದೀಪ ಇಟ್ಟು ಬರುವುದನ್ನು ಕಣ್ಣಾರೆ ಕಂಡ. ಹೊರದ ಹರಕೆಗೂ ದೇವರು ಫಲ ಕೊಡುತ್ತಾನೆಯೇ ಎಂದು ಅವನಿಗೆ ಆಶ್ಚರ್ಯವಾಯಿತು. ಖರ್ಚಿಲ್ಲದೆ ಬಂದದ್ದಲ್ಲವೇ ಎಂದು ಸಮಾಧಾನವೂ ಆಯಿತು.

ಈ ಮಾತು ಬೇಲಿ ದಾಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೇಲಿಯಾಚೆ ಪಕ್ಕದ ಮನೆಯ ರಾಧು ಶೆಡ್ತಿ ಇದ್ದಳು. ಜುಗ್ಗ ಸುಬ್ಬಣ್ಣನ ಹರಕೆಗೇ ಫಲ ಸಿಕ್ಕಿತೆಂದರೆ ತನ್ನಂಥವಳ ಹರಕೆಗೆ ಸಿಗದೆ ಇರುತ್ತದೆಯೇ ಎಂದು ಅವಳಿಗೆ ಅನಿಸಿತು. ಅವಳ ದನ ಗಬ್ಬ ಕಟ್ಟಿರಲಿಲ್ಲ. ಮರುದಿನದಿಂದ ಅವಳ ಮನೆಯಲ್ಲಿ ಮೀನಿಲ್ಲ. ದಿನಸಿ ಅಂಗಡಿಯ ನಿತೇಶನಿಗೆ ಹೆಣ್ಣು ಕೂಡಿ ಬಂದಿರಲಿಲ್ಲ. ಅವನ ತಾಯಿ ಮನೆಮಂದಿಗೆಲ್ಲ ಮೀನು ಬಿಡಿಸಿದಳು. ಒಂದೊಂದು ಮನೆಗೆ ಒಂದೊಂದು ಆಸೆ, ಎಲ್ಲರಿಗೂ ಒಂದೇ ಹರಕೆ. ಆಟೋದ ಗುಣಪಾಲ ಕೂಡ ಬಾಡಿಗೆ ಹೆಚ್ಚಲಿ ಎಂದು ಹೊತ್ತ. ದಿನಾ ಬೆಳಗ್ಗೆ ತಪ್ಪದೆ ಸಿಗುತ್ತಿದ್ದ ಬಾಡಿಗೆಯೆಂದರೆ ಪದ್ದುವಿನ ಬುಟ್ಟಿಯದೊಂದೇ ಎಂಬುದು ಅವನಿಗೆ ಹೊಳೆಯಲಿಲ್ಲ.

ಈ ಹರಕೆಯಲ್ಲಿ ಇನ್ನೊಂದು ಅನುಕೂಲವಿತ್ತು. ಪುಣ್ಯದ ಜೊತೆಗೆ ಕೈಯಲ್ಲಿ ನಾಲ್ಕು ಕಾಸೂ ಉಳಿಯುತ್ತಿತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸುಬ್ಬಣ್ಣನಿಗಂತೂ ಕೇರಿಯಲ್ಲಿ ಹೊಸ ಮರ್ಯಾದೆ. ಹಿಂದೆ ಅವನನ್ನು ಕಂಡರೆ ದೇಣಿಗೆ ರಸೀದಿ ಪುಸ್ತಕವನ್ನು ಕಿಸೆಯೊಳಗೆ ಇಳಿಸುತ್ತಿದ್ದವರು ಈಗ ನಿಂತು ಮಾತಾಡಿಸುತ್ತಿದ್ದರು.

ಪದ್ದು ಕೆಲವು ದಿನ ಬಂದು ನೋಡಿದಳು. ಹಾರ್ನ್ ಹೊಡೆಸಿದಳು, ಹೆಸರು ಹಿಡಿದು ಕರೆದಳು. ಕಿಟಕಿಗಳಿಂದ ಬೇಡ ಎಂಬ ಕೈಗಳಷ್ಟೇ ಆಡಿದವು. ತುಂಬಿ ಬಂದ ಬುಟ್ಟಿ ತುಂಬಿಯೇ ಹೋಗುತ್ತಿತ್ತು, ಐಸು ಕರಗಿ ಆಟೋದ ಸೀಟಿನಡಿ ಹರಿಯುತ್ತಿತ್ತು. ಕೊನೆಗೆ ಅವಳು ತಲ್ಲೂರಿನ ದಾರಿಯನ್ನೇ ಬಿಟ್ಟಳು.

ಆಗ ಸುಬ್ಬಣ್ಣನ ಮೆಣಸಿನ ಮೆಷಿನ್ನಿನ ಸದ್ದು ನಿಂತಿತು. ಮೀನಿಲ್ಲದ ಮನೆಗೆ ಮಸಾಲೆ ಪುಡಿ ಎಷ್ಟು ಬೇಕು? ಸೌತೆಕಾಯಿ ಹುಳಿಗೆ ನಾಲ್ಕು ಮೆಣಸು ಸಾಕು, ಅದನ್ನು ಮಿಕ್ಸಿಯಲ್ಲೇ ತಿರುಗಿಸುತ್ತಾರೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಪದ್ದು ಮೀನು ಮಾರಿ ಮುಗಿಸಿ, ಖಾಲಿ ಬುಟ್ಟಿಯನ್ನು ಇವರ ಬಾವಿಕಟ್ಟೆಯಲ್ಲೇ ತೊಳೆದು, ಪ್ಲಾಸ್ಟಿಕ್ ಹಾಸಿ, ಮಸಾಲೆ ಪುಡಿಯ ಪ್ಯಾಕೆಟ್ಟುಗಳನ್ನು ತುಂಬಿಕೊಂಡು ಹೋಗಿ ಗಂಗೊಳ್ಳಿಯಲ್ಲಿ ಮನೆಮನೆಗೆ ಕೊಡುತ್ತಿದ್ದಳು. ಮಿಲ್ಲಿನ ಅರ್ಧ ಮಸಾಲೆ ಹೋಗುತ್ತಿದ್ದುದೇ ಆ ಬುಟ್ಟಿಯಲ್ಲಿ. ಮೀನು ಬೇಡ ಎನ್ನುವಾಗ ಸುಬ್ಬಣ್ಣನಿಗೆ ಬುಟ್ಟಿ ಬರುವುದು ಮಾತ್ರ ಕಂಡಿತ್ತು, ಹೋಗುವುದು ಕಂಡಿರಲಿಲ್ಲ.

ಮೆಣಸಿನ ಮೆಷಿನ್ನು ನೋಡಿಕೊಳ್ಳುತ್ತಿದ್ದವಳು ಶ್ರೀಲತಾ. ಗೇರುಬೀಜದ ಫ್ಯಾಕ್ಟರಿ ಮುಚ್ಚಿದ ಮೇಲೆ ಇಲ್ಲಿ ಸೇರಿದವಳು. ಅವಳ ದುಡಿಮೆಯಲ್ಲೇ ಅವಳೂ ತಾಯಿಯೂ ಉಣ್ಣಬೇಕು. ಸುಮ್ಮನೆ ಕೂತದ್ದು ಕಂಡರೆ ಕೆಲಸಕ್ಕೆ ಸಂಚಕಾರ ಎಂದು ಅವಳು ಒರೆಸಿದ್ದನ್ನೇ ಒರೆಸಿದಳು, ಗುಡಿಸಿದ್ದನ್ನೇ ಗುಡಿಸಿದಳು. ಮೆಷಿನ್ನು ಮದುಮಗಳಂತೆ ಹೊಳೆಯುತ್ತಿತ್ತು. ಅದರ ಹೊಳಪು ಕಂಡಷ್ಟೂ ಸುಬ್ಬಣ್ಣನ ಎದೆ ಕುಸಿಯುತ್ತಿತ್ತು. ಹಿಟ್ಟಿನ ಮೆಷಿನ್ನಿಗೆ ಅವನೊಬ್ಬನೇ ಸಾಕು. ಒಂದು ಶುಕ್ರವಾರ ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ಅವಳೆದುರು ನಿಂತ.

"ಶ್ರೀಲತಾ, ಬಪ್ಪು ಸೋಮವಾರದಿಂದ..."

"ಬಪ್ಪುದ್ ಬ್ಯಾಡ ಅಂತ್ರ್ಯಾ?" ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು. "ಗೇರ್ಬೀಜದ ಫ್ಯಾಕ್ಟ್ರಿಯವ್ರೂ ಶುಕ್ರವಾರವೇ ಹೇಳದ್ದ್. ಅವ್ರೂ ಹಿಂಗೇ ನೆಲ ಕಾಣ್ತಾ ನಿಂತಿರ್."

ಸುಬ್ಬಣ್ಣ ನೆಲದಿಂದ ಕಣ್ಣೆತ್ತಿ ಗೋಡೆ ನೋಡಿದ.

"ನಿಮ್ದ್ ತಪ್ಪಲ್ಲ ಸುಬ್ಬಣ್ಣ. ಮೆಣ್ಸೇ ಬತ್ತಿಲ್ಲೆ, ನೀವ್ ಎಂತ ಮಾಡುದ್? ನಾನೂ ನಿಮ್ಮಂಗೇ ಹರಕಿ ಹೊತ್ತಿದ್ದೆ. ಈ ಕೆಲ್ಸ ಒಂದ್ ಉಳಿಲಿ ಅಂದೇಳಿ. ನಾನೂ ಅಮ್ಮನೂ ಮೀನ್ ಬಿಟ್ಟ್ ಸುಮಾರ್ ದಿನ ಆಯ್ತ್."

ಸುಬ್ಬಣ್ಣನಿಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಕೆಲಸ ಉಳಿಯಲಿ ಎಂದು ಮೀನು ಬಿಟ್ಟಿದ್ದಾಳೆ. ಎಲ್ಲರೂ ಹೀಗೆ ಮೀನು ಬಿಟ್ಟದ್ದರಿಂದಲೇ ಕೆಲಸ ಹೋಗುತ್ತಿದೆ. ಅದರ ಬುಡದಲ್ಲಿ ತಾನು ಗೇಟಿನ ಬಳಿ ನಿಂತು ಬಿಟ್ಟ ಒಂದು ಸುಳ್ಳಿದೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. "ಕಾಂಬ, ಸೋಮವಾರ ಹೇಳ್ತೆ," ಎಂದು ಜಾರಿಕೊಂಡು, ಹಿಟ್ಟಿನ ಮೆಷಿನ್ನಿಗೆ ಬೆಲ್ಟು ತರುವ ನೆವದಲ್ಲಿ ಕುಂದಾಪುರದ ಬಸ್ಸು ಹತ್ತಿದ.

ಬೆಲ್ಟು ಸಿಕ್ಕಿತು, ಮಧ್ಯಾಹ್ನವೂ ಆಯಿತು. ದುಃಖದಲ್ಲಿದ್ದವರಿಗೂ ಹಸಿವಾಗುತ್ತದೆ. ಬಸ್‌ಸ್ಟ್ಯಾಂಡಿನ ಹಿಂದಿನ ಮೀನೂಟದ ಹೋಟೆಲಿನಿಂದ ಹುರಿಯುವ ವಾಸನೆ ರಸ್ತೆಯವರೆಗೂ ಬಂದು ಅವನ ಕೈ ಹಿಡಿಯಿತು. ಹೊರದ ಹರಕೆಯನ್ನು ಮುರಿಯುವುದು ಹೇಗೆ ಎಂದು ಹೊಟ್ಟೆ ವಾದಿಸಿತು, ತಲೆ ಒಪ್ಪಿತು. ಗೋಡೆಗೆ ಮುಖ ಮಾಡಿ ಮೂಲೆಯಲ್ಲಿ ಕುಳಿತ. ಕಾಣೆ ಮೀನಿನ ಫ್ರೈ ಬಂತು. ಮೊದಲ ತುಂಡು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದ.

"ಹ್ವಾಯ್ ಸುಬ್ಬಣ್ಣ, ಚಂದ್ರಾವತಕ್ಕನ ಮಂಡಿ ಹೆಂಗಿತ್ತ್?"

ಕಣ್ಣು ತೆರೆದರೆ ಎದುರಿಗೆ ಪದ್ದು. ಅಡುಗೆ ಕೋಣೆಯ ಬಾಗಿಲಿನಿಂದ ಖಾಲಿ ಬುಟ್ಟಿ ಹಿಡಿದು ಬಂದಿದ್ದಳು. ತಲ್ಲೂರು ಕೈಬಿಟ್ಟ ಮೇಲೆ ಅವಳು ಮೀನು ಕೊಡುತ್ತಿದ್ದುದು ಇದೇ ಹೋಟೆಲಿಗೆ. ಸುಬ್ಬಣ್ಣ ಕಾಣೆಯ ಮೇಲೆ ಅನ್ನ ಮುಚ್ಚಲು ನೋಡಿದ. ಬಾಲ ಹೊರಗೇ ಉಳಿಯಿತು.

ಪದ್ದು ಬೆಂಚಿನಲ್ಲಿ ಕುಳಿತು ಬಡಿಸುವವನನ್ನು ಕರೆದಳು. "ನಮ್ ಸುಬ್ಬಣ್ಣಂಗೆ ಇನ್ನೊಂದ್ ಬಂಗ್ಡಿ ಹಾಕಿ. ಹರಕಿ ಹೊತ್ತ್ ಹೊತ್ತ್ ಸುಸ್ತ್ ಆಯಿತ್ ಅವ್ರಿಗೆ."

"ಯಾರಿಗೂ ಹೇಳ್ಬ್ಯಾಡ ಮಾರಾಯ್ತಿ," ಸುಬ್ಬಣ್ಣ ಮೆಲ್ಲಗೆ ಬೇಡಿಕೊಂಡ.

"ನಿಮ್ ಕೇರಿಗ್ ಬಂದ್ರಲ್ದಾ ಹೇಳುದ್?"

"ಬಾ ಅಂದೇಳಿಯೇ ನಾನೂ ಹೇಳುದ್. ಮೀನ್ ಯಾಪಾರ ಆಗ್ದಿರೂ ಅಡ್ಡಿಲ್ಲೆ, ಮಸಾಲಿಯಾರೂ ತಕಂಡ್ ಹೋಗ್."

ಪದ್ದುವಿನ ನಗು ಅಲ್ಲಿಗೆ ನಿಂತಿತು. "ಬುಟ್ಟಿ ಖಾಲಿ ಆದ್ರಲ್ದಾ ಮಸಾಲಿ ತುಂಬುದ್? ಇಲ್ಲಿ ಹೋಟ್ಲಗೆ ಅವ್ರ್ ಹೇಳದ್ದೇ ರೇಟ್, ಮಿಕ್ಕಿದ್ದನ್ನ ಬೆಕ್ಕಿಗ್ ಹಾಕ್ತೆ. ನೀವ್ ಬ್ಯಾಡ ಅಂದಿದ್ರೆ ನಂಗೆ ಒಂದ್ ಮನಿ ಹೋತಿತ್ತ್, ಅಷ್ಟೇ. ನೀವ್ ದೇವ್ರನ್ನ್ ಮಧ್ಯ ತಂದ್ರಿ, ಇಡೀ ಕೇರಿ ಹೋಯ್ತ್."

"ಈಗ ಎಂತ ಮಾಡುದ್ ಹೇಳ್."

"ಹೊತ್ತವ್ರೇ ಇಳ್ಸ್ಕ್. ಮೊದ್ಲ್ ಚಂದ್ರಾವತಕ್ಕಂಗೆ ಹೇಳಿ. ಆದಿತ್ಯವಾರ ಬತ್ತೆ. ಕೇರಿ ಬಾಗ್ಲ್ ತೆಗ್ದ್ರೆ ಸರಿ. ಇಲ್ದಿರೆ ಇವತ್ತ್ ಕಂಡದ್ದನ್ನ ಹಾರ್ನ್ ಹೊಡ್ದ್ ಹೇಳ್ತೆ." ಹೋಗುವಾಗ ತಿರುಗಿ, "ಬಂಗ್ಡಿ ಬಿಡ್ಬ್ಯಾಡಿ, ಅದ್ ನಂದೇ," ಎಂದು ಹೇಳಿ ಹೋದಳು.

ಸಂಜೆ ಚಂದ್ರಾವತಿ ಜಗಲಿಯಲ್ಲಿ ಕುಳಿತು ಬಸಳೆ ಬಿಡಿಸುತ್ತಿದ್ದಳು. ಹೇಳಬೇಕಾದ್ದನ್ನೆಲ್ಲ ಸುಬ್ಬಣ್ಣ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಅವಳ ಮುಖ ಕಂಡಾಗ ಒಂದೂ ನೆನಪಾಗಲಿಲ್ಲ.

"ಮಂಡಿ ಹೆಂಗಿತ್ತ್?" ಎಂದ.

"ಆರಾಮಿತ್ತ್. ನಿಮ್ ಹರಕಿ ಇತ್ತಲ್ದಾ."

ಇನ್ನು ತಡೆಯಲಾಗಲಿಲ್ಲ. "ಅದ್ ನಿನ್ ಮಂಡಿಗ್ ಹೊತ್ತದ್ದಲ್ಲ ಕಾಣ್. ಯಾವ ದೇವ್ರಿಗೂ ಅಲ್ಲ. ದುಡ್ಡ್ ಉಳ್ಸೂಕ್ ಮೀನ್ ಬ್ಯಾಡ ಅಂದೆ. ಪದ್ದು ಎಂತಕ್ಕೆ ಅಂದೇಳಿ ಕೇಂತ್, ನೀನ್ ಎದ್ರಿಗೆ ಬಂದಿ, ಬಾಯಿಗ್ ಬಂದದ್ದ್ ಹೇಳ್ದೆ."

ಚಂದ್ರಾವತಿಯ ಕೈ ನಿಂತಿತು. ಸುಬ್ಬಣ್ಣ ಹೆದರಿ, ಒಪ್ಪಿಕೊಳ್ಳುವುದನ್ನೆಲ್ಲ ಒಂದೇ ಸಲಕ್ಕೆ ಮುಗಿಸಿದರೆ ಬೈಗುಳದಲ್ಲಾದರೂ ಉಳಿತಾಯವಾದೀತು ಎಂದು, ನಿಂತ ಮೆಷಿನ್ನು, ಶ್ರೀಲತಾಳ ಹರಕೆ, ಪದ್ದುವಿನ ಬೆದರಿಕೆ, ಹೋಟೆಲಿನ ಕಾಣೆ ಫ್ರೈ ಎಲ್ಲ ಹೇಳಿಬಿಟ್ಟ. ಅವಳು ಒಂದು ದಂಟನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದಳು.

"ನಂಗೂ ಒಂದ್ ಹೇಳೂಕಿತ್ತ್," ಎಂದಳು ಕೊನೆಗೆ. "ನನ್ ನೋವ್ ಒಂದ್ ಚೂರೂ ಕಡ್ಮಿ ಆಯ್ಲಿಲ್ಲ."

"ಮೆಟ್ಲ್ ಇಳಿತಿದ್ದಿ?"

"ಹಲ್ಲ್ ಕಚ್ಕಂಡ್. ನೀವ್ ನನ್ ಸಲುವಾಗಿ ಆ ಹುಳಿ ನುಂಗುದನ್ನ ಕಾಂಬೂಕ್ ಆಯ್ಲಿಲ್ಲ. ಫಲ ಸಿಕ್ತ್ ಅಂದ್ರೆ ನಿಮ್ಗ್ ಸ್ವಲ್ಪ ಸಮಾಧಾನ ಆತ್ತ್ ಅಂದೇಳಿ ಹೇಳ್ದೆ."

ಸುಬ್ಬಣ್ಣ ಜಗಲಿಯ ತುದಿಯಲ್ಲಿ ಕುಸಿದು ಕುಳಿತ. ತಾನು ಎಂಥವನೆಂದು ಅಷ್ಟು ಸ್ಪಷ್ಟವಾಗಿ ಅವನಿಗೆ ಹಿಂದೆಂದೂ ಕಂಡಿರಲಿಲ್ಲ. "ಸಿಟ್ಟ್ ಬರ್ಲಿಲ್ಯಾ?"

"ಬಂತ್. ಅದನ್ನ ಆಮೇಲ್ ಕಾಂಬ, ಅದ್ ಎಲ್ಲಿಗೂ ಹೋತಿಲ್ಲೆ. ಮೊದ್ಲ್ ಆ ಹೆಣ್ಣಿನ ಕೆಲ್ಸದ್ದ್ ಕಾಂಬ."

"ಕೇರಿಯವ್ರಿಗೆ ನಾನೇ ಹೇಳ್ತೆ. ದುಡ್ಡ್ ಉಳ್ಸೂಕ್ ಮಾಡದ್ದ್ ಅಂದೇಳಿ."

"ನೀವ್ ಜುಗ್ಗ ಅಂಬುದ್ ಕೇರಿಗ್ ಗೊತ್ತಿಲ್ದಿದ್ದ್ ಎಂತ?" ಎಂದು ಚಂದ್ರಾವತಿ ಬಸಳೆಯ ಮೊರವನ್ನು ಪಕ್ಕಕ್ಕಿಟ್ಟಳು. "ಅವ್ರ್ ಮೀನ್ ಬಿಟ್ಟದ್ದ್ ನಿಮ್ನ ಕಂಡಲ್ಲ, ನನ್ ಮಂಡಿ ಕಂಡ್. ಮಂಡಿಯೇ ಹೋಯಿ ಹೇಳ್ಲಿ."

ಆದಿತ್ಯವಾರ ಬೆಳಗ್ಗೆ ಗುಣಪಾಲನ ಆಟೋದ ಹಾರ್ನ್ ಕೇಳಿತು. ಬುಟ್ಟಿಯ ಹಿಂದೆ ಪದ್ದು ಸೆರಗು ಬಿಗಿದು ಕುಳಿತಿದ್ದಳು. ಕಿಟಕಿಗಳಲ್ಲಿ ಮುಖಗಳು ಕಂಡವು, ಬಾಗಿಲು ಯಾವುದೂ ತೆರೆಯಲಿಲ್ಲ. ಆಗ ಚಂದ್ರಾವತಿ ಪಾತ್ರೆ ಹಿಡಿದು ಗೇಟು ದಾಟಿದಳು. ಆಟೋ ಅವಳ ಮನೆಯ ಎದುರೇ ನಿಂತಿದ್ದರೂ ಅದನ್ನು ಬಿಟ್ಟು ಕೇರಿಯ ಆ ತುದಿಯವರೆಗೆ ಕುಂಟುತ್ತ ಹೋಗಿ, ಕುಂಟುತ್ತ ತಿರುಗಿ ಬಂದಳು. ಮನೆಮನೆಯ ಎದುರು ನಿಂತು ಮಂಡಿ ಹಿಡಿದು ಉಸಿರುಬಿಟ್ಟಳು. ರಾಧು ಶೆಡ್ತಿಗೆ ತಡೆಯಲಾಗಲಿಲ್ಲ.

"ಎಂತ ಚಂದ್ರಾವತಿ, ಗುಣ ಆಯ್ತ್ ಅಂದಿದ್ದಿ?"

"ಎಂತ ಗುಣವೂ ಇಲ್ಲೆ ರಾಧಕ್ಕ. ಹೇಳೂಕ್ ನಾಚ್ಕಿ ಆಯಿ ಹಂಗಂದದ್ದ್. ಮೀನ್ ಬಿಟ್ಟದ್ದೇ ಬಂತ್, ನೋವ್ ಬಿಡ್ಲಿಲ್ಲ. ನಿನ್ನೆ ತಪ್ಪುಕಾಣಿಕಿ ಕಟ್ಟಿಟ್ಟ್ ಕೈ ಮುಗ್ದೆ. ಇವತ್ತಿಂದ ಸಾರ್ ಮಾಡುದೇ."

ನಡೆಸಲಾಗದ ಹರಕೆಗೆ ಒಂದು ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟು ತಪ್ಪಾಯಿತು ಎನ್ನುವುದು ಎಲ್ಲರಿಗೂ ಗೊತ್ತಿದ್ದ ದಾರಿಯೇ. ರಾಧು ಶೆಡ್ತಿ ಹಿತ್ತಿಲಿನ ದನವನ್ನೊಮ್ಮೆ ನೋಡಿದಳು. ಅದು ತನಗೂ ಹರಕೆಗೂ ಸಂಬಂಧವೇ ಇಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು. ಶೆಡ್ತಿ ಒಳಗೆ ಹೋದಳು. ದೇವರ ಕೋಣೆಯಿಂದ ಬಂದವಳ ಕೈಯಲ್ಲಿ ಪಾತ್ರೆಯಿತ್ತು. ನಿತೇಶನ ತಾಯಿ ಅವಳ ಹಿಂದೆಯೇ ಬಂದಳು, ಹುಡುಗನಿಗೆ ಹೆಣ್ಣು ಹುಡುಕಲು ದಲ್ಲಾಳಿಯೇ ಸೈ ಎನ್ನುತ್ತ. ಗುಣಪಾಲ ಮಾತ್ರ ಅವರಿಬ್ಬರಿಗಿಂತ ಮೊದಲೇ ಸೀಟಿನಿಂದ ಕೈ ಚಾಚಿ ತನ್ನ ಪಾಲಿನ ಬಂಗಡೆ ಆರಿಸಿ ಇಟ್ಟುಕೊಂಡಿದ್ದ. ಸ್ವಲ್ಪ ಹೊತ್ತಿನಲ್ಲಿ ಆಟೋದ ಸುತ್ತ ನಿಲ್ಲಲು ಜಾಗವಿರಲಿಲ್ಲ. ಪದ್ದು ಸುಬ್ಬಣ್ಣನನ್ನು ಕರೆದು, ಇದ್ದುದರಲ್ಲಿ ದೊಡ್ಡ ಅಂಜಲ್ ಮೀನನ್ನು ಅವನ ಕೈಗಿಟ್ಟು ರೇಟು ಹೇಳಿದಳು. ಅವನು ಚೌಕಾಸಿ ಮಾಡಲಿಲ್ಲ. ಅದನ್ನು ಕಂಡ ಮೇಲೆ ಹರಕೆ ಮುಗಿದದ್ದು ನಿಜ ಎಂದು ಕೇರಿಗೆ ಪೂರ್ತಿ ನಂಬಿಕೆ ಬಂತು.

ಒಂದೊಂದು ಮನೆಯಿಂದಲೂ ಹುರಿದ ಮೆಣಸು, ಕೊತ್ತಂಬರಿ ಬಂದು ಮಿಲ್ಲಿನ ಕಟ್ಟೆ ತುಂಬಿತು. ರಜೆಯ ದಿನವಾದರೂ ಸುದ್ದಿ ಸಿಕ್ಕಿ ಶ್ರೀಲತಾ ಓಡಿ ಬಂದಳು. ಮೆಷಿನ್ನಿನ ಹೊಳಪು ಹತ್ತೇ ನಿಮಿಷದಲ್ಲಿ ಕೆಂಪು ಧೂಳಿನಡಿ ಮುಚ್ಚಿಹೋಯಿತು. ಪದ್ದು ಬುಟ್ಟಿ ತೊಳೆದು ತಂದು ಬಾಗಿಲಲ್ಲಿ ಕುಳಿತಳು, ಗಂಗೊಳ್ಳಿಯ ಪ್ಯಾಕೆಟ್ಟುಗಳಿಗೆ ಕಾಯುತ್ತ.

ಸುಬ್ಬಣ್ಣ ಅಂಜಲ್ ಹಿಡಿದು ಮನೆಯತ್ತ ನಡೆದ. ಚಂದ್ರಾವತಿ ಅವನ ಮುಂದೆ ಕುಂಟುತ್ತ ಹೋಗುತ್ತಿದ್ದಳು. ಆಟ ಚೆನ್ನಾಗಿ ಆಡಿದಳು ಎಂದು ಅವನಿಗೆ ಹೆಮ್ಮೆಯಾಗಿತ್ತು. ಗೇಟಿನೊಳಗೆ ಹೋದ ಮೇಲಾದರೂ ನೆಟ್ಟಗೆ ನಡೆಯುತ್ತಾಳೆ ಎಂದು ನೋಡಿದ. ನಡೆಯಲಿಲ್ಲ. ಯಾರೂ ನೋಡದ ಅಂಗಳದಲ್ಲೂ ಅವಳು ಅಷ್ಟೇ ಕುಂಟಿದಳು, ಮೆಟ್ಟಿಲ ಬಳಿ ಗೋಡೆ ಹಿಡಿದು ನಿಂತಳು.

ಮೀನನ್ನು ಜಗಲಿಯಲ್ಲಿಟ್ಟು ಅವನು ಮಿಲ್ಲಿಗೆ ತಿರುಗಿ ಬಂದ. ಸೊಂಟದಲ್ಲಿ ಸದಾ ಸಿಕ್ಕಿಸಿಕೊಂಡಿರುತ್ತಿದ್ದ ಬೀಗದ ಕೈಯನ್ನು ತೆಗೆದು ಶ್ರೀಲತಾಳ ಮುಂದೆ ಹಿಡಿದ.

"ನಾಳೆ ನೀನೇ ಬಾಗ್ಲ್ ತೆಗಿ. ನಾನ್ ಇವ್ಳನ್ನ್ ಡಾಕ್ಟ್ರ ಹತ್ರ ಕರ್ಕಂಡ್ ಹೋಯ್ಕ್."

ಶ್ರೀಲತಾ ಕೆಂಪಾದ ಕೈಯನ್ನು ಸೆರಗಿಗೆ ಒರೆಸಿ ಅದನ್ನು ತೆಗೆದುಕೊಂಡಳು. ಮನೆಯ ಕಡೆಯಿಂದ ಚಂದ್ರಾವತಿಯ ದನಿ ಕೇಳಿತು.

"ಹ್ವಾಯ್, ಬಸ್ಸಗೆ ಹೋಪ್ದಾ, ಆಟೋದಗಾ?"

ಸುಬ್ಬಣ್ಣ ಒಮ್ಮೆ ಕಿಸೆ ಮುಟ್ಟಿ ನೋಡಿಕೊಂಡ. ಪದ್ದು, ಶ್ರೀಲತಾ, ಗುಣಪಾಲ ಮೂವರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಆಟೋದಗೆ," ಎಂದ. "ಹೋಪುಕೂ, ಬಪ್ಪುಕೂ."